ಎರಡು ನಕ್ಷತ್ರದ ಹಾಳೆ ಹುಡುಕುವ ಧೂಳಕ್ಕ

ಬೆಳಗಿನ ಐದೂವರೆ ಗಂಟೆ. ಬೀದಿದೀಪ ಇನ್ನೂ ಆರಿಲ್ಲ. ಗ್ರಂಥಾಲಯದ ಹಿಂಬಾಗಿಲ ಬೀಗ ತೆಗೆದು ಒಳಗೆ ಬಂದವರು ಮೊದಲು ದೀಪ ಹಾಕುವುದಿಲ್ಲ, ಕಿಟಕಿ ತೆಗೆಯುತ್ತಾರೆ. ನಾಲ್ಕೂ ಕಿಟಕಿ ತೆಗೆದು, ತಂಪು ಗಾಳಿ ಕೋಣೆ ತುಂಬುವವರೆಗೆ ಸುಮ್ಮನೆ ನಿಲ್ಲುತ್ತಾರೆ. ಆಮೇಲೆ ತಲೆಗೊಂದು ಬಟ್ಟೆ ಕಟ್ಟಿ, ಮೂಗು ಬಾಯಿಗೆ ಮಾಸ್ಕ್ ಏರಿಸಿ, ಮೇಜಿನ ಮೂಲೆಯ ಡಬ್ಬಿಯಿಂದ ಹಳೇ ಪತ್ರಿಕೆಯ ಒಂದು ಹರಕು ಚೂರು ತೆಗೆದು ಎರಡು ಬೆರಳ ನಡುವೆ ಮೆಲ್ಲಗೆ ಬಾಗಿಸುತ್ತಾರೆ. ಚೂರು ಬಾಗಿದರೆ ಕೆಲಸ ಶುರು. ಪಟ್ಟೆಂದು ಮುರಿದರೆ ಇನ್ನೂ ಹತ್ತು ನಿಮಿಷ ಕಾಯಬೇಕು.

"ಹಾಳೆಗೂ ಒಂದು ಮೈ ಇರುತ್ತೆ," ಎನ್ನುತ್ತಾರೆ ಅವರು. "ಬೆಳಗಿನ ತಂಪು ಕುಡಿದಿದ್ರೆ ನಾವು ಹೇಳಿದ ಹಾಗೆ ಕೇಳುತ್ತೆ. ಬಿಸಿಲೇರಿದ ಮೇಲೆ ಮುಟ್ಟಿ ನೋಡಿ, ಹಪ್ಪಳ. ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರಲ್ಲ, ಆ ಜಾತಿ."

ಈ ಊರಿನಲ್ಲಿ ಅವರ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿದೆ. ಮಿಕ್ಕವರಿಗೆಲ್ಲ ಅವರು ಧೂಳಕ್ಕ. ವಯಸ್ಸು ಐವತ್ತೇಳು. ಕೈಬೆರಳುಗಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಕಂದುಬಣ್ಣ. ನೂರು ವರ್ಷದ ಹಿಂದಿನಿಂದ ಮೊನ್ನೆ ಮೊನ್ನೆ ಮುಚ್ಚುವವರೆಗೂ ನಡೆದ ಇದೇ ಊರಿನ ದಿನಪತ್ರಿಕೆಯ ಒಂದೊಂದು ಪುಟವನ್ನೂ ಕ್ಯಾಮೆರಾದಲ್ಲಿ ಹಿಡಿದು, ಯಾರು ಬೇಕಾದರೂ ಮನೆಯಲ್ಲೇ ಕೂತು ಓದುವ ಹಾಗೆ ಅಂತರ್ಜಾಲಕ್ಕೆ ಏರಿಸುವ ಯೋಜನೆಗೆ ಅವರೇ ಮೇಲ್ವಿಚಾರಕಿ. ಒಟ್ಟು ಒಂದು ಲಕ್ಷ ತೊಂಬತ್ತಮೂರು ಸಾವಿರ ಪುಟ. ಐದನೇ ವರ್ಷ ಮುಗಿಯುತ್ತ ಬಂದಿದೆ. ಒಂದು ಲಕ್ಷ ನಲವತ್ತೊಂದು ಸಾವಿರ ಮುಗಿದಿವೆ.

ಇಷ್ಟು ದೊಡ್ಡ ಮಾತು ಕೇಳಿ ಗಾಜಿನ ಗೋಡೆ, ಬಿಳಿ ಕೋಟು ಎಂದೆಲ್ಲ ಊಹಿಸಿಕೊಂಡರೆ ಮೋಸ ಹೋಗುತ್ತೀರಿ. ಗ್ರಂಥಾಲಯದ ಹಿಂದೆ ಮೊದಲು ಸೈಕಲ್ ನಿಲ್ಲಿಸುತ್ತಿದ್ದ ಜಾಗಕ್ಕೆ ಗೋಡೆ ಎಬ್ಬಿಸಿ ಮಾಡಿದ ಒಂದು ಉದ್ದನೆಯ ಕೋಣೆ ಇದು. ಎರಡು ಮೇಜು, ಪುಸ್ತಕ ಅರ್ಧ ತೆರೆದು ಮಲಗಿಸಲು ಮರದ ತೊಟ್ಟಿಲಿನಂಥ ಒಂದು ಸ್ಟ್ಯಾಂಡು, ಅದರ ನೆತ್ತಿಯ ಮೇಲೆ ಕ್ಯಾಮೆರಾ, ಅಕ್ಕಪಕ್ಕ ಎರಡು ದೀಪ. ಕ್ಯಾಮೆರಾ ಹಿಡಿಯುವವರು ಹದಿನೆಂಟು ವರ್ಷ ಮದುವೆ ಫೋಟೋ ತೆಗೆದವರು. "ಇಲ್ಲಿ ಯಾರಿಗೂ ಸ್ವಲ್ಪ ನಗಿ ಅಂತ ಹೇಳೋ ಹಾಗಿಲ್ಲ. ಅದೇ ನೆಮ್ಮದಿ," ಎಂದು ಅವರೇ ನಗುತ್ತಾರೆ. ಮೂರನೆಯವರು ಆ ಪತ್ರಿಕೆಯಲ್ಲೇ ನಲವತ್ತು ವರ್ಷ ಕರಡು ತಿದ್ದಿ ನಿವೃತ್ತರಾದ ಎಪ್ಪತ್ತೊಂಬತ್ತರ ಹಿರಿಯರು. ಎಲ್ಲರ ಬಾಯಲ್ಲಿ ಕರಡು ತಾತ. ಪುಟಕ್ಕೆ ತಾರೀಖು, ಸುದ್ದಿಗೆ ತಲೆಬರಹ ಸರಿಯಾಗಿ ಕೂತಿದೆಯೇ ಎಂದು ನೋಡುವ ಕೆಲಸ ಅವರದು. ಕನ್ನಡಕದ ಮೇಲೊಂದು ಭೂತಗನ್ನಡಿ ಹಿಡಿದು ನೋಡುತ್ತಾರೆ.

ಗಾಳಿ ಬಂದಾಗ ತೂರಿಕೋ ಎನ್ನುವುದು ಕಣದ ಮಾತಾದರೆ, ತಂಪಿದ್ದಾಗ ತಿರುವಿಕೋ ಎನ್ನುವುದು ಈ ಕೋಣೆಯ ಮಾತು. ಐದೂವರೆಯಿಂದ ಒಂಬತ್ತೂವರೆವರೆಗೆ ಧೂಳಕ್ಕ ಪುಟ ತಿರುವುತ್ತಾರೆ. ಬಿದಿರಿನ ಒಂದು ತೆಳ್ಳನೆ ಪಟ್ಟಿಯನ್ನು ಹಾಳೆಯ ಕೆಳಗೆ ತೂರಿಸಿ, ಅಂಗೈಯಷ್ಟು ಎತ್ತಿ, ಉಸಿರು ಬಿಗಿಹಿಡಿದು ಆ ಕಡೆ ಮಲಗಿಸುತ್ತಾರೆ. ಕ್ಯಾಮೆರಾ ಟಿಕ್ ಎನ್ನುತ್ತದೆ. ಮತ್ತೆ ಪಟ್ಟಿ, ಮತ್ತೆ ಟಿಕ್. ಒಂದು ಪುಟಕ್ಕೆ ಮುಕ್ಕಾಲು ನಿಮಿಷ. ಒಳ್ಳೆಯ ದಿನ ಮುನ್ನೂರ ಇಪ್ಪತ್ತು ಪುಟ ಆಗುತ್ತದೆ, ಹಾಳೆ ಮುನಿಸಿಕೊಂಡ ದಿನ ತೊಂಬತ್ತಕ್ಕೆ ಏದುಸಿರು. ಮಿಕ್ಕ ಹೊತ್ತೆಲ್ಲ ಕಂಪ್ಯೂಟರ್ ಮುಂದೆ.

ಕೆಲಸ ಅವರಿಗೆ ಹುಟ್ಟಿನಿಂದಲೇ ಗಂಟುಬಿದ್ದದ್ದು. ತಂದೆ ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದರು. ಮನೆಯಲ್ಲಿ ಅಂಟಿನ ವಾಸನೆ ಇಲ್ಲದ ದಿನ ನಿದ್ದೆ ಬರುತ್ತಿರಲಿಲ್ಲ ಎನ್ನುತ್ತಾರೆ. ಇಪ್ಪತ್ತೆರಡನೇ ವಯಸ್ಸಿಗೆ ಗ್ರಂಥಾಲಯದಲ್ಲಿ ಕಪಾಟು ಒರೆಸುವ ಕೆಲಸಕ್ಕೆ ಸೇರಿದರು. ಹತ್ತು ವರ್ಷ ಒರೆಸಿದ ಮೇಲೆ, ಹರಿದ ಪುಸ್ತಕ ಹೊಲಿಯುವ ಕೈ ಇದೆಯೆಂದು ಯಾರಿಗೋ ಹೊಳೆದು ಹೊಲಿಗೆ ಕೋಣೆಗೆ ಹಾಕಿದರು. ಕಂಪ್ಯೂಟರ್ ಮುಟ್ಟಿದ್ದು ನಲವತ್ತೈದು ದಾಟಿದ ಮೇಲೆ. ಮೌಸ್ ಹಿಡಿದ ಮೊದಲ ವಾರ ಅದು ಮೇಜಿನ ಅಂಚಿಗೆ ಹೋದರೆ ಬಿದ್ದುಬಿಡುತ್ತದೆಂದು ಇನ್ನೊಂದು ಕೈಯನ್ನು ಕೆಳಗೆ ಒಡ್ಡಿಕೊಂಡು ಕೂರುತ್ತಿದ್ದರಂತೆ. ಯೋಜನೆ ಬಂದಾಗ ಮೇಲ್ವಿಚಾರಣೆಗೆ ಓದಿದವರು ನಾಲ್ಕು ಮಂದಿ ಇದ್ದರು. ಹಳೇ ಪತ್ರಿಕೆ ತುಂಬಿದ ಉಗ್ರಾಣದ ಬಾಗಿಲು ತೆಗೆದು ತೋರಿಸಿದ್ದೇ ತಡ, ಒಬ್ಬರಿಗೆ ಸೊಂಟನೋವು, ಒಬ್ಬರಿಗೆ ಅಲರ್ಜಿ, ಮತ್ತಿಬ್ಬರಿಗೆ ಬೇರೆ ಊರಿಗೆ ವರ್ಗ. ಉಳಿದದ್ದು ಧೂಳಕ್ಕ.

ಅಲರ್ಜಿ ಅವರಿಗೂ ಇದೆ. ವರ್ಷಕ್ಕೆ ಎರಡು ಸಲ ಉಬ್ಬಸ ಹಿಡಿದು ಮಲಗುತ್ತಾರೆ. ಶಾಲೆಯ ವ್ಯಾನ್ ಓಡಿಸುವ ಗಂಡನಿಗೆ ಇದೊಂದು ತೀರದ ದೂರು. "ನಮ್ಮನೆ ಧೂಳು ಹೊಡೆಯೋಕೆ ಇವಳಿಗೆ ಪುರುಸೊತ್ತಿಲ್ಲ. ಊರಿನ ಧೂಳೆಲ್ಲ ಇವಳದೇ," ಎನ್ನುತ್ತಾರೆ. ಹಾಗೆನ್ನುತ್ತಲೇ ಹೆಂಡತಿಯ ಚೀಲಕ್ಕೆ ಉಬ್ಬಸದ ಪಂಪ್ ಹಾಕುವುದನ್ನು ಮಾತ್ರ ಒಂದು ದಿನವೂ ಮರೆತಿಲ್ಲ.

ಹಿಡಿದ ಕೆಲಸ ಬಿಡದ ಹೆಂಗಸು, ಒಳ್ಳೆಯ ಸಂಸಾರ, ಸುಖವಾಗಿದ್ದಾರೆ ಎಂದು ಬರೆದು ಇಲ್ಲಿಗೇ ಮುಗಿಸಬಹುದಿತ್ತು. ಧೂಳಕ್ಕನೇ ಬಿಡಲಿಲ್ಲ. "ನನ್ನ ಬಗ್ಗೆ ಬರೆಯೋದಾದ್ರೆ ನಾನು ಮಾಡಿದ ತಪ್ಪು ಬರೆಯಿರಿ. ಅದು ಬಿಟ್ಟು ಬರೆದ್ರೆ ಆ ಪೇಪರನ್ನ ನಾನು ಸ್ಕ್ಯಾನ್ ಮಾಡಲ್ಲ," ಎಂದು ಷರತ್ತು ಹಾಕಿದರು.

ತಪ್ಪು ನಡೆದದ್ದು ಮೊದಲ ವರ್ಷ. ಹಳೇ ಸಂಪುಟಗಳ ಹೊಲಿಗೆ ಬಿಚ್ಚಿ ಹಾಳೆ ಬಿಡಿಸುವಾಗ ಹಲವು ಕಡೆ ಒಂದೇ ತಾರೀಖಿನ ಪತ್ರಿಕೆ ಎರಡೆರಡು ಸಿಕ್ಕವು. ಮೊದಲ ಪುಟ ಪಕ್ಕಪಕ್ಕ ಇಟ್ಟು ನೋಡಿದರು. ಅಕ್ಷರಕ್ಕೆ ಅಕ್ಷರ ಒಂದೇ. ಹತ್ತು ಜೊತೆ ನೋಡಿದರು, ಹತ್ತೂ ಹಾಗೆಯೇ. ಒಂದರಲ್ಲಿ ತಾರೀಖಿನ ಪಕ್ಕ ಒಂದು ಪುಟ್ಟ ನಕ್ಷತ್ರ, ಇನ್ನೊಂದರಲ್ಲಿ ಎರಡು ನಕ್ಷತ್ರ ಇದ್ದವು. ಅಚ್ಚಿನವರ ಅಲಂಕಾರ ಇರಬೇಕು ಎಂದುಕೊಂಡರು. ಮೇಲಿನವರು ಐದು ವರ್ಷದಲ್ಲಿ ಮುಗಿಸಬೇಕೆಂದು ಗಡುವು ಕೊಟ್ಟಿದ್ದರು. ಒಂದನ್ನೇ ಎರಡು ಸಲ ಹಿಡಿಯುತ್ತ ಕೂತರೆ ಆದೀತೇ? ಮೇಲಿನ ಪ್ರತಿ ಇಟ್ಟುಕೊಳ್ಳಿ, ಕೆಳಗಿನದು ಚೀಲಕ್ಕೆ ಹಾಕಿ ಎಂದು ಧೂಳಕ್ಕನೇ ಅಪ್ಪಣೆ ಕೊಟ್ಟರು. ಏಳು ತಿಂಗಳಲ್ಲಿ ಹೀಗೆ ಸಾವಿರದ ನೂರ ಇಪ್ಪತ್ತಾರು ಪತ್ರಿಕೆಗಳು, ತಾರೀಖು ಮಾತ್ರ ಲೆಕ್ಕದ ಪುಸ್ತಕದಲ್ಲಿ ಉಳಿದು, ಚೀಲ ಸೇರಿ, ಕಾಗದದ ಕಾರ್ಖಾನೆಗೆ ಹೋಗಿ, ತಿರುಳಾದವು.

ಕರಡು ತಾತ ಕೆಲಸಕ್ಕೆ ಬಂದದ್ದು ಮೂರನೇ ವರ್ಷ. ಬಂದ ನಾಲ್ಕನೇ ದಿನ ಪರದೆಯ ಮೇಲೆ ಭೂತಗನ್ನಡಿ ಆಡಿಸುತ್ತಿದ್ದವರು ತಲೆ ಎತ್ತಿ ಕೇಳಿದರು: "ಅಲ್ಲಮ್ಮಾ, ಎಲ್ಲ ಒಂಟಿ ನಕ್ಷತ್ರದ್ದೇ ಇದೆಯಲ್ಲ. ಜೋಡಿ ನಕ್ಷತ್ರದ್ದು ಎಲ್ಲಿಟ್ಟಿದೀರಿ?"

"ಅದು ಡಬಲ್ ಪ್ರತಿ ತಾತ. ತೆಗೆದುಹಾಕಿದ್ವಿ."

"ಡಬಲ್ ಅಲ್ಲ ತಾಯಿ. ಒಂಟಿ ನಕ್ಷತ್ರದ್ದು ಬೆಳಗ್ಗೆ ಊರೊಳಗೆ ಹಂಚೋ ಪೇಪರು. ಜೋಡಿದು ಮಧ್ಯಾಹ್ನ ಮತ್ತೆ ಅಚ್ಚಾಗಿ ಎರಡೂವರೆ ರೈಲಿಗೆ ಹೊರಗಿನ ಊರಿಗೆ ಹೋಗೋದು. ಮುಖಪುಟ ಅದೇ ಇರುತ್ತೆ. ಮೂರನೇ ಪುಟ ಬೇರೆ. ಬೆಳಗ್ಗೆಯಿಂದ ಬಂದ ಹೊಸ ಸುದ್ದಿ, ಬೆಳಗ್ಗೆ ತಪ್ಪಾಗಿದ್ರೆ ತಿದ್ದುಪಡಿ, ಎಲ್ಲ ಅಲ್ಲಿ ಕೂರಿಸ್ತಿದ್ವಿ."

ಧೂಳಕ್ಕ ಹತ್ತು ಜೊತೆ ನೋಡಿದ್ದರು ನಿಜ, ಎಲ್ಲದರಲ್ಲೂ ನೋಡಿದ್ದು ಮುಖವನ್ನು ಮಾತ್ರ. "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು," ಎಂದು ಈಗ ಹೇಳುವಾಗಲೂ ಅವರ ದನಿ ಇಳಿಯುತ್ತದೆ. ವಿಷಯ ತಿಳಿದ ಮೇಲಧಿಕಾರಿ ಒಳ್ಳೆಯವರು, ಹೆದರಬೇಡಿ ಎಂದರು. "ಯಾರಿಗೂ ಗೊತ್ತಿಲ್ಲದ ತಪ್ಪಿಗೆ ನಾವೇ ಯಾಕೆ ಡಂಗುರ ಹೊಡೀಬೇಕು? ಸುಮ್ಮನಿದ್ದುಬಿಡಿ," ಎಂದರು. ಧೂಳಕ್ಕನೂ ಸುಮ್ಮನಿದ್ದರು. ಒಂದು ವರ್ಷ ಸುಮ್ಮನಿದ್ದರು. ಅದನ್ನೂ ಬರೆಯಿರಿ ಎನ್ನುತ್ತಾರೆ.

ಸುಮ್ಮನಿರಲು ಬಿಡದೆ ಬಂದದ್ದು ಒಬ್ಬ ದರ್ಜಿ ಅಮ್ಮ. ಅರವತ್ತೆಂಟು ವರ್ಷ, ಕೃಶ ಶರೀರ, ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ಹಾಗೇ ಇತ್ತು. ಹೊಲಿಯುತ್ತಿದ್ದದ್ದನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದರು. ಕೋಣೆಯ ಬಾಗಿಲಲ್ಲೇ ನಿಂತು ಕೇಳಿದರು.

"ಇಲ್ಲಿ ಯಜಮಾನಿ ಯಾರು?"

"ನಾನೇ ಅಮ್ಮ. ಒಳಗೆ ಬನ್ನಿ."

"ಒಳಗೆ ಬರೋಕೆ ಬಂದಿಲ್ಲ. ನಮ್ಮಪ್ಪ ಒಂದು ಸಲ ಮುಳುಗಿ ಸತ್ತ. ಈಗ ನಿಮ್ಮ ಕಂಪ್ಯೂಟರು ಅವನನ್ನ ಎರಡನೇ ಸಲ ಮುಳುಗಿಸಿದೆ. ಅದನ್ನ ಹೇಳಿ ಹೋಗೋಣ ಅಂತ ಬಂದೆ."

ಸಂಗತಿ ಇಷ್ಟು. ಅರವತ್ತು ವರ್ಷದ ಹಿಂದೆ ಈಗ ಸೇತುವೆ ಇರುವಲ್ಲಿ ದೋಣಿ ನಡೆಯುತ್ತಿತ್ತು. ದೋಣಿ ನಡೆಸುತ್ತಿದ್ದವನು ಈ ದರ್ಜಿ ಅಮ್ಮನ ತಂದೆ. ಒಂದು ಸಂಜೆ ಹೊಳೆ ಉಕ್ಕಿ ದೋಣಿ ಮಗುಚಿತು. ಇಪ್ಪತ್ತೆರಡು ಜನರಲ್ಲಿ ಒಂಬತ್ತು ಮಂದಿ ತೀರಿಕೊಂಡರು. ದೋಣಿಯವನ ಹೆಣ ಸಿಗಲಿಲ್ಲ. ಮರುದಿನ ಬೆಳಗಿನ ಪತ್ರಿಕೆಯಲ್ಲಿ, "ದೋಣಿಯವನು ಜನರನ್ನು ನೀರಿನಲ್ಲಿ ಬಿಟ್ಟು ಈಜಿ ಪರಾರಿಯಾದನೆಂದು ತಿಳಿದುಬಂದಿದೆ" ಎಂದು ಅಚ್ಚಾಯಿತು. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ತಾಯಿ, ಮಗಳು ಬೀದಿ ಬದಲಿಸಿದರು, ಆಮೇಲೆ ಕೇರಿಯನ್ನೇ ಬದಲಿಸಿದರು. ಆದರೆ ವಾರಕ್ಕೊಮ್ಮೆ ರೈಲಿನಲ್ಲಿ ಬರುತ್ತಿದ್ದ ಒಬ್ಬ ಪಾತ್ರೆ ವ್ಯಾಪಾರಿ ತಾಯಿಗೆ ಬೇರೆಯೇ ಹೇಳಿದ್ದ. ನಮ್ಮ ಊರಿಗೆ ಬಂದ ಪೇಪರಿನಲ್ಲಿ ನಿಮ್ಮ ಗಂಡನ ವಿಷಯ ಒಳ್ಳೆಯದಾಗಿ ಬರೆದಿತ್ತಮ್ಮ ಎಂದಿದ್ದ. ಅವನದು ರೈಲುದಾರಿಯ ಕೊನೆಯ ಊರು.

"ಅಮ್ಮ ಸಾಯೋವರೆಗೂ ಅದನ್ನೇ ಹೇಳಿದ್ಲು. ಯಾರೂ ನಂಬಲಿಲ್ಲ. ಒಂದು ಪೇಪರು ಎರಡು ತರ ಬರೆಯುತ್ತಾ ಅಂತ ನಕ್ಕರು. ನಾನೂ ನಂಬಲಿಲ್ಲ, ನಿಜ ಹೇಳ್ತೀನಿ," ಎಂದರು ದರ್ಜಿ ಅಮ್ಮ. "ಆಮೇಲೆ ಊರು ಮರೀತು. ನಾವೂ ನೆಮ್ಮದಿಯಾಗಿದ್ವಿ. ಈಗ ಪುರಸಭೆಯವರು ಸೇತುವೆ ಹತ್ರ ನೆನಪಿನ ಕಲ್ಲು ನಿಲ್ಲಿಸ್ತಾರಂತೆ. ಅದಕ್ಕೆ ಬರೆಯೋ ಮಾತು ನಿಮ್ಮ ಕಂಪ್ಯೂಟರಿಂದಲೇ ತೆಗೆದಿದಾರೆ. ಮೊಮ್ಮಗಳು ಓದಿ ಹೇಳಿದ್ಲು. ಕಾಗದದಲ್ಲಿದ್ದಾಗ ಮಾಸಿ ಹೋಗಿತ್ತು. ಇನ್ನು ಕಲ್ಲಲ್ಲಿ ಕೆತ್ತಿದ ಮೇಲೆ?"

ಕಲ್ಲು ನಿಲ್ಲಿಸಲು ಇದ್ದದ್ದು ಬರೋಬ್ಬರಿ ನಲವತ್ತು ದಿನ. ಧೂಳಕ್ಕನಿಗೆ ಆ ಹೊತ್ತಿನಲ್ಲಿ ಎರಡು ದಾರಿ ಇತ್ತು. ನಮ್ಮಲ್ಲಿ ಇರುವುದು ಇದೊಂದೇ ಅಮ್ಮ ಎಂದು ಕೈಮುಗಿಯಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಕರಡು ತಾತ ಕನ್ನಡಕದ ಮೇಲಿಂದ ನೋಡುತ್ತಿದ್ದರು. ಮದುವೆ ಫೋಟೋದವರು ದೀಪ ಸರಿಮಾಡುವ ನೆಪದಲ್ಲಿ ಬೆನ್ನು ತಿರುಗಿಸಿದರು.

"ನಿಮ್ಮಮ್ಮ ಹೇಳಿದ್ದು ಸರಿ," ಎಂದರು ಧೂಳಕ್ಕ. "ಎರಡು ತರ ಬರೀತಿತ್ತು. ಆ ಇನ್ನೊಂದು ಪೇಪರು ಈ ಕೋಣೇಲೇ ಇತ್ತು. ನಾನೇ ಎಸೆದೆ."

ದರ್ಜಿ ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನುತ್ತಾರೆ ಧೂಳಕ್ಕ. ಬಾಗಿಲ ಪಕ್ಕದ ಸ್ಟೂಲ್ ಮೇಲೆ ಕೂತು, ಕುತ್ತಿಗೆಯ ಟೇಪನ್ನು ತೆಗೆದು ಸುರುಳಿ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು. ಕೊನೆಗೆ, "ಹಾಗಾದ್ರೆ ಅಮ್ಮ ಸುಳ್ಳು ಹೇಳಲಿಲ್ಲ," ಎಂದಷ್ಟೇ ಹೇಳಿ ಎದ್ದು ಹೋದರು.

ಮಾರನೇ ದಿನ ಧೂಳಕ್ಕ ಮೊದಲು ಮಾಡಿದ ಕೆಲಸ ಡಂಗುರ ಹೊಡೆದದ್ದು. ಎಸೆದ ಸಾವಿರದ ನೂರ ಇಪ್ಪತ್ತಾರು ಪತ್ರಿಕೆಗಳ ತಾರೀಖು ಪಟ್ಟಿ ಮಾಡಿ, "ಇವು ನಮ್ಮ ತಪ್ಪಿನಿಂದ ಕಳೆದಿವೆ, ಯಾರ ಬಳಿಯಾದರೂ ಇದ್ದರೆ ತಿಳಿಸಿ" ಎಂದು ಯೋಜನೆಯ ಜಾಲತಾಣದ ಮುಖಪುಟದಲ್ಲೇ ಹಾಕಿದರು. ಮೇಲಧಿಕಾರಿ ಮುಖ ಸಿಂಡರಿಸಿದರು, ಆದರೆ ತೆಗೆಸಲಿಲ್ಲ. ಎರಡನೆಯದಾಗಿ, ಜೋಡಿ ನಕ್ಷತ್ರದ ಪತ್ರಿಕೆ ಹೋಗುತ್ತಿದ್ದ ರೈಲುದಾರಿಯ ಹದಿನೇಳು ಸ್ಟೇಷನ್‌ಗಳ ಹೆಸರು ಬರೆದು ಗೋಡೆಗೆ ಅಂಟಿಸಿದರು. ದಿನಾ ಕೆಲಸ ಮುಗಿದ ಮೇಲೆ ಆ ಊರುಗಳ ವಾಚನಾಲಯ, ಶಾಲೆ, ಹಳೇ ಅಂಗಡಿಗಳಿಗೆ ಫೋನು. ಒಂದು ಕಡೆ ಗೆದ್ದಲು ತಿಂದಿತ್ತು. ಒಂದು ಕಡೆ ಕಟ್ಟಡವೇ ಇರಲಿಲ್ಲ. ಒಬ್ಬ ಮುಖ್ಯೋಪಾಧ್ಯಾಯರು, "ಇತ್ತಮ್ಮ, ಹೋದ ವರ್ಷ ಸುಣ್ಣ ಹೊಡೆಯುವಾಗ ನೆಲಕ್ಕೆ ಹಾಸಿಬಿಟ್ವಿ" ಎಂದರು. ಅವರಿಗೆ ಬೈಯಲು ಬಾಯಿ ಬರಲಿಲ್ಲ, ನಾನಿನ್ನೇನು ಮಾಡಿದ್ದೆ ಎನ್ನುತ್ತಾರೆ ಧೂಳಕ್ಕ. ಹದಿನಾರು ಸ್ಟೇಷನ್ ಹೀಗೇ ಹೋದವು. ಉಳಿದದ್ದು ಕೊನೆಯದು. ಅಲ್ಲಿ ಫೋನೇ ಎತ್ತುತ್ತಿರಲಿಲ್ಲ.

ಮೂವತ್ತೊಂದನೇ ದಿನ ಫೋನು ಅವರಿಗೇ ಬಂತು. ಕೊನೆಯ ಸ್ಟೇಷನ್‌ನಲ್ಲಿ ರೈಲಿನ ಕೆಲಸಗಾರರು ನಡೆಸುತ್ತಿದ್ದ ವಾಚನಾಲಯ ಮುಚ್ಚಿ ಒಂಬತ್ತು ವರ್ಷವಾಗಿತ್ತು. ಬೀಗದ ಕೈ ಇದ್ದದ್ದು ನಿವೃತ್ತ ಲೈನ್‌ಮನ್ ಒಬ್ಬರ ಬಳಿ, ಜಾಲತಾಣದ ಪಟ್ಟಿ ಕಂಡು ಫೋನು ಮಾಡಿದ್ದು ಅವರೇ. "ಪೇಪರ್ ರಾಶಿ ಇದೆ ನೋಡಿ. ನಾವು ಓದಿದ್ದನ್ನ ಎಸೆಯೋ ಪೈಕಿ ಅಲ್ಲ," ಎಂದರು ಅವರು. ಧೂಳಕ್ಕನಿಗೆ ಆ ಮಾತು ನೇರ ತಾಗಿತು. ಆದರೂ ಅಷ್ಟು ಸಂತೋಷ ಕೊಟ್ಟ ಬೈಗುಳ ಇನ್ನೊಂದಿಲ್ಲ.

ರಜೆ ದಿನ, ಶಾಲೆಯ ವ್ಯಾನಿನಲ್ಲಿ ಹೊರಟರು. ಗಂಡ ಚಾಲಕ, ಮದುವೆ ಫೋಟೋದವರು ಹಿಂದಿನ ಸೀಟಿನಲ್ಲಿ ಕ್ಯಾಮೆರಾವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ವಾಚನಾಲಯದ ಕಪಾಟಿನಲ್ಲಿ ವರ್ಷವಾರು ಕಟ್ಟು ಕಟ್ಟಿ, ದಾರ ಬಿಗಿದು ಇಟ್ಟಿದ್ದರು. ಬೇಕಾದ ವರ್ಷದ ಕಟ್ಟು ಎಲ್ಲಕ್ಕಿಂತ ಕೆಳಗೆ, ಸೋರಿದ ಗೋಡೆಗೆ ಒತ್ತಿಕೊಂಡು ಇತ್ತು. ಬೇಕಾದ ತಾರೀಖೂ ಸಿಕ್ಕಿತು. ತಾರೀಖಿನ ಪಕ್ಕ ಎರಡು ನಕ್ಷತ್ರ. ಮುಖಪುಟದಲ್ಲಿ ಅದೇ ಸುದ್ದಿ, ಅದೇ ಪರಾರಿಯ ಮಾತು. ಮೂರನೇ ಪುಟ ಮಾತ್ರ ತೆರೆಯಲಾಗಲಿಲ್ಲ. ಎಂದೋ ನೆನೆದು, ಒಣಗಿ, ಎರಡನೇ ಪುಟಕ್ಕೆ ಚರ್ಮದ ಹಾಗೆ ಅಂಟಿಕೊಂಡಿತ್ತು.

ಮೂಲೆ ಹಿಡಿದು ಎಳೆಯೋಣವೇ ಅಕ್ಕ ಎಂದು ಫೋಟೋದವರು ಕೈಯಿಟ್ಟರು. ಧೂಳಕ್ಕ ಆ ಕೈಗೆ ಒಂದು ಏಟು ಕೊಟ್ಟರು. ಒಂದು ಡಬ್ಬದ ತಳಕ್ಕೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಹಾಳೆ ಇಟ್ಟು ಮುಚ್ಚಳ ಮುಚ್ಚಿದರು. ನೀರು ತಾಕಬಾರದು, ನೀರಿನ ಉಸಿರು ಮಾತ್ರ ತಾಕಬೇಕು. ಬಟ್ಟೆ ಒಣಗಿದ ಹಾಗೆಲ್ಲ ಮತ್ತೆ ಒದ್ದೆ ಮಾಡುತ್ತ ಐದು ಗಂಟೆ ಕೂತರು. "ನಿನ್ನ ಹೆರಿಗೆಗೂ ನಾನು ಇಷ್ಟು ಹೊತ್ತು ಕಾದಿರಲಿಲ್ಲ ಕಣೇ," ಎಂದರು ಗಂಡ. "ಅದು ನನ್ನ ಕೆಲಸ ಆಗಿತ್ತು, ನೀವು ಬರೀ ಕಾದಿದ್ದು. ಇವತ್ತೂ ಅಷ್ಟೇ ಮಾಡಿ," ಎಂದರು ಹೆಂಡತಿ. ಲೈನ್‌ಮನ್ ಎರಡು ಸಲ ಚಹಾ ತಂದರು.

ಐದನೇ ಗಂಟೆಗೆ ಹಾಳೆಯ ಮೈ ಸಡಿಲಿತು. ಬಿದಿರಿನ ಪಟ್ಟಿ ಒಂದೊಂದೇ ಬೆರಳಗಲ ಒಳಗೆ ಸರಿಯಿತು. ಪುಟ ತೆರೆದಾಗ ಮೂಲೆಯಲ್ಲಿ ಹುಳ ತಿಂದ ತೂತು, ನಡುವೆ ಕಂದು ಕಲೆ. ಕಲೆಯ ಕೆಳಗೆ ಏಳು ಸಾಲು ಉಳಿದಿದ್ದವು. ದೋಣಿಯಲ್ಲಿ ಬದುಕಿದ ಒಬ್ಬ ಪ್ರಯಾಣಿಕ ತನ್ನೂರಿಗೆ ರೈಲು ಹತ್ತುವ ಮೊದಲು ಸ್ಟೇಷನ್‌ನಲ್ಲೇ ಹೇಳಿಕೆ ಕೊಟ್ಟಿದ್ದ: "ದೋಣಿಯವನು ಓಡಿಹೋದನೆಂಬುದು ಸುಳ್ಳು. ಅವನು ಮೂರು ಸಲ ನೀರಿಗಿಳಿದು ನನ್ನ ಇಬ್ಬರು ಮಕ್ಕಳನ್ನೂ ನನ್ನ ಹೆಂಡತಿಯನ್ನೂ ದಡಕ್ಕೆ ತಂದನು. ನಾಲ್ಕನೆಯ ಸಲ ಹೋದವನು ತಿರುಗಿ ಬರಲಿಲ್ಲ."

ಧೂಳಕ್ಕ ಅತ್ತರು. ಮಾಸ್ಕ್ ಒದ್ದೆಯಾಗುವಷ್ಟು ಅತ್ತರು. ಹಾಳೆಯ ಮೇಲೆ ಕಣ್ಣೀರು ಬೀಳಬಾರದೆಂದು ಮಾತ್ರ ಎರಡು ಹೆಜ್ಜೆ ಹಿಂದೆ ಸರಿದು ನಿಂತು ಅತ್ತರು.

ಮರುದಿನದ ಊರ ಪತ್ರಿಕೆಯಲ್ಲಿ ಇದು ಯಾಕೆ ಬರಲಿಲ್ಲ? ಕರಡು ತಾತ ಆಗಿನ್ನೂ ಆ ಅಚ್ಚುಕೂಟಕ್ಕೆ ಹೊಸಬರು. "ಮಧ್ಯಾಹ್ನ ಹಾಕಿ ಆಯ್ತಲ್ಲ ಅಂತ ಬಿಟ್ಟಿರ್ತೀವಿ," ಎನ್ನುತ್ತಾರೆ. ಬಿಟ್ಟರು ಎನ್ನುವುದಿಲ್ಲ, ಬಿಟ್ಟಿರ್ತೀವಿ ಎನ್ನುತ್ತಾರೆ.

ಪುಟದ ಚಿತ್ರ ಹಿಡಿದು ಧೂಳಕ್ಕ ಪುರಸಭೆಗೆ ಹೋದಾಗ ಕಲ್ಲಿನ ಮೇಲೆ ಆಗಲೇ ಸೀಮೆಸುಣ್ಣದಲ್ಲಿ ಅಕ್ಷರ ಬರೆದಾಗಿತ್ತು, ಉಳಿ ಇಳಿದಿರಲಿಲ್ಲ. ಗುಮಾಸ್ತರು ಎರಡು ಸಲ ಓದಿದರು. ಕಲ್ಲುಕುಟಿಗನನ್ನು ಕರೆಸಿ ಒರೆಸಲು ಹೇಳಿದರು. ಹದಿನೈದು ದಿನ ತಡವಾಗಿ ಕಲ್ಲು ನಿಂತಿತು. ಒಂಬತ್ತು ಹೆಸರಿನ ಜೊತೆ ಹತ್ತನೆಯದಾಗಿ ದೋಣಿಯವನ ಹೆಸರೂ, ಮೂರು ಸಲ ನೀರಿಗಿಳಿದದ್ದೂ ಅದರಲ್ಲಿದೆ.

ದರ್ಜಿ ಅಮ್ಮ ಈ ಸಲ ಕೋಣೆಯ ಒಳಗೆ ಬಂದರು. ಸಣ್ಣ ಅಕ್ಷರ ಅವರ ಕಣ್ಣಿಗೆ ಹಿಡಿಯದ್ದರಿಂದ ಧೂಳಕ್ಕನೇ ಪರದೆಯ ಮೇಲಿನ ಏಳು ಸಾಲು ಓದಿ ಹೇಳಿದರು. ಇನ್ನೊಂದು ಸಲ ಎಂದರು ದರ್ಜಿ ಅಮ್ಮ. ಇನ್ನೊಂದು ಸಲ ಓದಿದರು. ನಾಲ್ಕನೇ ಸಲ ಓದುವಾಗ ಕರಡು ತಾತ ಎದ್ದು ಹೊರಗೆ ಹೋಗಿಬಿಟ್ಟರು.

"ಸರಿ. ಈಗ ಆ ಬೆಳಗಿನ ಪೇಪರನ್ನ ಕಂಪ್ಯೂಟರಿಂದ ಕಿತ್ತುಹಾಕು," ಎಂದರು ದರ್ಜಿ ಅಮ್ಮ. ಅಷ್ಟು ಹೊತ್ತಿಗೆ ಬಹುವಚನ ಹೋಗಿತ್ತು.

"ಆಗಲ್ಲ ಅಮ್ಮ."

"ಸುಳ್ಳು ಅಂತ ಗೊತ್ತಾಯ್ತಲ್ಲ, ಮತ್ತೆ ಯಾಕೆ ಇಟ್ಕೋಬೇಕು?"

"ಇದು ಬೇಡ ಅಂತ ನಾನು ಒಂದು ಸಲ ನಿರ್ಧಾರ ಮಾಡಿದ್ದಕ್ಕೇ ಇಷ್ಟೆಲ್ಲ ಆಗಿದ್ದು. ಇನ್ನೊಂದು ಸಲ ನನ್ನ ಕೈಯಲ್ಲಿ ಅದನ್ನ ಮಾಡಿಸಬೇಡಿ. ಬೇಕಾದ್ರೆ ಆ ಪುಟದ ತಲೆ ಮೇಲೇನೇ, ಇದೇ ದಿನ ಮಧ್ಯಾಹ್ನದ ಪೇಪರು ನೋಡಿ ಅಂತ ಹಾಕ್ತೀನಿ. ಅದನ್ನ ಓದಿದವರು ಇದನ್ನೂ ಓದದೆ ಮುಂದೆ ಹೋಗೋ ಹಾಗಿಲ್ಲ."

ದರ್ಜಿ ಅಮ್ಮ ಸ್ಟೂಲನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡರು. "ಇರಲಿ ಬಿಡು," ಎಂದರು ಆಮೇಲೆ. "ಸುಳ್ಳೂ ಇರಲಿ. ಅದರ ಪಕ್ಕ ನಮ್ಮಪ್ಪ ನಿಂತಿರಲಿ."

ಇದಾಗಿ ಒಂದೂವರೆ ವರ್ಷ. ಡಂಗುರ ಹೊಡೆದದ್ದು ಒಳ್ಳೆಯದೇ ಆಯಿತು. ಪಟ್ಟಿ ನೋಡಿದವರು ಪೆಟ್ಟಿಗೆಯ ತಳದಿಂದ, ಫೋಟೋ ಚೌಕಟ್ಟಿನ ಹಿಂದಿನಿಂದ, ಮುಚ್ಚಿದ ಅಂಗಡಿಯ ಅಟ್ಟದಿಂದ ಹಾಳೆ ತಂದುಕೊಡುತ್ತಿದ್ದಾರೆ. ಜೋಡಿ ನಕ್ಷತ್ರದ ಹುಡುಕಾಟವನ್ನು ಮೇಲಧಿಕಾರಿಯೇ ಯೋಜನೆಯ ಭಾಗ ಮಾಡಿ, ಎರಡು ವರ್ಷ ಹೆಚ್ಚಿಗೆ ಕೊಡಿಸಿದ್ದಾರೆ. ದರ್ಜಿ ಅಮ್ಮ ಬುಧವಾರ ಅಂಗಡಿ ಮುಚ್ಚಿ ಇಲ್ಲಿಗೆ ಬರುತ್ತಾರೆ. ಹಾಳೆ ಮಲಗಿಸಲು ಮೆತ್ತನೆ ಹತ್ತಿಯ ದಿಂಬು ಹೊಲಿದುಕೊಡುತ್ತಾರೆ, ಅಳತೆ ತಪ್ಪಿದರೆ ತಾವೇ ತಮ್ಮನ್ನು ಬೈದುಕೊಳ್ಳುತ್ತಾರೆ.

ಕಿಟಕಿಯ ಹೊರಗೆ ಬಿಸಿಲೇರಿದೆ. ಧೂಳಕ್ಕ ಬಿದಿರಿನ ಪಟ್ಟಿ ಒರೆಸಿ ಎತ್ತಿಡುತ್ತಾರೆ. ಇವತ್ತು ಇನ್ನೂರ ಎಂಬತ್ತು ಪುಟ ಆಗಿದೆ. ಮೂರು ವರ್ಷಕ್ಕೆ ನಿವೃತ್ತಿ, ಅದಕ್ಕೆ ಮೊದಲು ಏನಾಗಬೇಕು ಎಂದರೆ ಅವರು ಕೆಮ್ಮಿ, ಮಾಸ್ಕ್ ಕೆಳಗಿಳಿಸಿ, ಲೆಕ್ಕ ಹೇಳುತ್ತಾರೆ.

"ಕಳೆದಿದ್ರಲ್ಲಿ ಮುನ್ನೂರ ಇಪ್ಪತ್ಮೂರು ಸಿಕ್ಕಿವೆ. ಇನ್ನು ಎಂಟುನೂರ ಮೂರು ಹುಡುಕಬೇಕು. ಒಂದೊಂದರಲ್ಲಿ ಯಾರ್ಯಾರ ಅಪ್ಪ ಇದಾನೋ."